ಐದನೆಯ ಪ್ರಸಾದ

ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಚರ್ಚಿನ ಕೆಲಸಕ್ಕೆ ಇಳಿದವನು ಹೀಗೆ ಹೇಳಬಾರದು, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಯಾರದೋ ಮನೆಯ ಮೇಣದಬತ್ತಿ ತಾನಾಗಿ ಹೊತ್ತಿಕೊಂಡಿತು, ಯಾರದೋ ಕನಸಿನಲ್ಲಿ ಮಾತೆ ಬಂದಳು ಎಂದು ಶುರುವಾದರೆ ನಾನು ಚಹಾದ ಲೋಟ ಹಿಡಿದುಕೊಂಡು ಎದ್ದು ಹೊರಗೆ ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ವಾರದಲ್ಲಿ ಆರು ದಿನ ನಾನು ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಗುಮಾಸ್ತ, ಶುಕ್ರವಾರ ಮಾತ್ರ ಚರ್ಚಿನವನು. ಪೂಜೆಗೆ ಬರಲಾಗದ ಕೂಲಿಯವರ ಕ್ಯಾಂಪಿಗೆ ಪರಮಪ್ರಸಾದ ಒಯ್ದು ಕೊಡುವುದು ನನ್ನ ಪಾಲಿನ ಸೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಗೋಧಿಹಿಟ್ಟಿನ ತೆಳುವಾದ ಬಿಲ್ಲೆ, ಪೂಜೆಯ ನಂತರ ನಮಗೆ ಕ್ರಿಸ್ತನ ದೇಹ. ಆದ್ದರಿಂದ ಲೆಕ್ಕ ಬಿಗಿ. ಎಷ್ಟು ಜನರೋ ಅಷ್ಟನ್ನೇ ಫಾದರ್ ಎಣಿಸಿ ಪುಟ್ಟ ಹಿತ್ತಾಳೆ ಡಬ್ಬಿಗೆ ಹಾಕಿ ಕೊಡುತ್ತಾರೆ. ಉಳಿದರೆ ಮನೆಗೆ ಒಯ್ಯುವಂತಿಲ್ಲ, ಇನ್ನೊಬ್ಬರ ಕೈಯಲ್ಲಿ ಬಿಟ್ಟು ಬರುವಂತಿಲ್ಲ. ನೇರವಾಗಿ ಚರ್ಚಿಗೆ ತಂದು ಒಪ್ಪಿಸಬೇಕು.

ಮೀನಾ ಅಬ್ದುಲ್ಲಾದ ಆ ಕ್ಯಾಂಪಿನಲ್ಲಿ ನಮ್ಮವರು ಐದು ಜನ. ನಾಲ್ವರು ಉಡುಪಿ ಕಡೆಯ ಕೊಂಕಣಿಯವರು, ಐದನೆಯವನು ಕನಕಪುರದ ಕಡೆಯ ಚೌರಪ್ಪ ಎಂಬ ವೆಲ್ಡರ್. ಅವನಿಗೆ ಕೊಂಕಣಿ ಬಾರದು. ಅವನಿಗಾಗಿ ಒಂದು ಜಪವನ್ನಾದರೂ ನಾವು ಕನ್ನಡದಲ್ಲಿ ಹೇಳುತ್ತಿದ್ದೆವು, ಅಷ್ಟಕ್ಕೇ ಅವನ ಮುಖ ಅರಳುತ್ತಿತ್ತು. ಕ್ಯಾಂಪ್ ಬಾಸ್ ನಮ್ಮ ಕರಾವಳಿಯವನೇ. ಮೂಲೆಯ ಕ್ಯಾಬಿನ್ನಿನಲ್ಲಿ ಅರ್ಧ ಗಂಟೆ, ಸದ್ದಿಲ್ಲದೆ ಪ್ರಾರ್ಥನೆ ಮಾಡಲು ಅವನ ಅಪ್ಪಣೆ ಬೇಕು. ಎದುರಾಡಿದರೆ ಅಷ್ಟೂ ಹೋಯಿತು. ಹಾಗಾಗಿ ನಾನು ಅವನೆದುರು ಹಲ್ಲು ಕಿರಿಯುವುದನ್ನು ಕಲಿತಿದ್ದೆ, ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಯ ಡಬ್ಬಿಯನ್ನೂ ಕೊಡುತ್ತಿದ್ದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಉರಿ ಹತ್ತುತ್ತದೆ.

ನವೆಂಬರಿನಲ್ಲಿ ಮಳೆ ಶುರುವಾಯಿತು. ಕುವೈತಿನಲ್ಲಿ ಮಳೆ ಎಂದರೆ ನಗಬೇಡಿ. ಒಂದು ಗಂಟೆ ಹೊಯ್ದರೆ ಸಾಕು, ಅಂಡರ್‌ಪಾಸಿನಲ್ಲಿ ಕಾರುಗಳು ತೇಲುತ್ತವೆ. ಆಗಲೇ ಚೌರಪ್ಪನಿಗೆ ಜ್ವರ ಹಿಡಿದು ಎರಡು ವಾರವಾಗಿತ್ತು. ಕೊನೆಯ ಸಲ ಕಂಡಾಗ ನನ್ನ ಕೈ ಹಿಡಿದುಕೊಂಡು, "ಅಣ್ಣ, ಬರೋ ಶುಕ್ರವಾರ ತಪ್ಪಿಸ್ಬೇಡಿ. ಡಾಕ್ಟ್ರ ಹತ್ರ ಕರ್ಕೊಂಡೋಗಿ ಅಂತ ಅವ್ರಿಗೊಂದು ಮಾತು ಹೇಳಿ" ಎಂದಿದ್ದ. ನಾನು ಕ್ಯಾಂಪ್ ಬಾಸ್‌ಗೆ ಹೇಳಿದೆ, ಅಂದರೆ ವಿನಂತಿ ಮಾಡಿಕೊಂಡೆ. ನೋಡುವಾ ಎಂದ. ಮುಂದಿನ ಶುಕ್ರವಾರ ಫಿಂಟಾಸ್ ದಾಟುವಷ್ಟರಲ್ಲಿ ರಸ್ತೆಯೆಲ್ಲ ನೀರು. ಹೆದರಿ ಹಿಂದಿರುಗಿದೆ.

ಅದರ ಮುಂದಿನ ಶುಕ್ರವಾರವೂ ಮಳೆ ಬಿಟ್ಟಿರಲಿಲ್ಲ. ಫಾದರ್ ನನ್ನ ಕಣ್ಣೆದುರೇ ಐದು ಎಣಿಸಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಕೆಸರಿನಲ್ಲಿ ಕಾರು ನಿಲ್ಲಿಸಿ ಕ್ಯಾಬಿನ್ನಿಗೆ ಹೋದರೆ ನಾಲ್ವರೇ ಇದ್ದರು. ಚೌರಪ್ಪ ಎಲ್ಲಿ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ವರಿಗೂ ಪ್ರಸಾದ ಕೊಟ್ಟೆ. ಡಬ್ಬಿಯಲ್ಲಿ ಒಂದು ಬಿಲ್ಲೆ ಉಳಿದದ್ದನ್ನು ಕಣ್ಣಾರೆ ನೋಡಿ ಮುಚ್ಚಳ ಒತ್ತಿದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೊರಗೆ ಕ್ಯಾಂಪ್ ಬಾಸ್ ಕೊಡೆ ಹಿಡಿದು ನಿಂತಿದ್ದ. "ಅವ ಊರಿಗೆ ಹೋಗಿ ಆಯ್ತು ಮಾರಾಯ್ರೆ. ಮೊನ್ನೆಯೇ ಕಳಿಸಿದ್ದು. ಖಲಾಸ್" ಎಂದ.

"ಹಿಂದಿನ ಕ್ಯಾಬಿನ್ನಿಗೆ ಬೀಗ ಹಾಕಿದ್ದೀರಲ್ಲ?" ಎಂದು ಕೇಳಿದೆ.

"ಅದು ಸಾಮಾನು ಇಡುವ ರೂಮು. ನಿಮಗೆ ಮುಂದಿನ ವಾರ ಬರ್ಲಿಕ್ಕೆ ಉಂಟಲ್ಲ? ಹಾಗಾದ್ರೆ ಸುಮ್ಮನೆ ಹೋಗಿ."

ಅವನು ಆಫೀಸಿನೊಳಗೆ ಹೋದ ಮೇಲೆ ನಾನು ಆ ಕ್ಯಾಬಿನ್ನಿನ ಬಳಿ ಹೋದೆ. ಬಾಗಿಲು ಬಡಿದೆ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಒಳಗಿನಿಂದ ಯಾರಾದರೂ ಕೂಗಿದ್ದರೂ ಕೇಳುತ್ತಿರಲಿಲ್ಲ. ಯಾಕೋ ಹಾಗೇ ಬರಲು ಮನಸ್ಸಾಗಲಿಲ್ಲ. ಜೇಬಿನಿಂದ ಡಬ್ಬಿ ತೆಗೆದು ಕೈಯಲ್ಲಿ ಹಿಡಿದು, ಕನ್ನಡದಲ್ಲಿ ಒಂದು ಜಪ ಹೇಳಿ, ಮತ್ತೆ ಜೇಬಿಗಿಟ್ಟೆ. ಮುಚ್ಚಳ ತೆರೆಯಲಿಲ್ಲ. ಆಮೇಲೆ ಎಲ್ಲೂ ನಿಲ್ಲದೆ ಚರ್ಚಿಗೆ ಬಂದೆ.

ಒಂದು ಉಳಿದಿದೆ ಎಂದು ಫಾದರ್ ಕೈಗೆ ಕೊಟ್ಟೆ. ಅವರು ತೆರೆದು ನೋಡಿ, ನನ್ನನ್ನು ನೋಡಿದರು. ಡಬ್ಬಿ ಖಾಲಿ. ಮುಚ್ಚಳ ಬಿಗಿಯಾಗಿಯೇ ಇತ್ತು, ಉಗುರು ಹಾಕಿ ಮೀಟಬೇಕಾಯಿತು. ಜೇಬು, ಕಾರಿನ ಸೀಟು, ಕಾಲಡಿಯ ಮ್ಯಾಟು, ಎಲ್ಲ ಹುಡುಕಿದೆವು. ಒಂದು ಚೂರೂ ಸಿಗಲಿಲ್ಲ. ಥಂಡಿಗೆ ಎರಡು ಅಂಟಿಕೊಂಡು ಒಬ್ಬನಿಗೇ ಹೋಗಿರಬಹುದು ಎಂದರು ಫಾದರ್. ನಾನು ಹೂಂ ಎಂದೆ. ಆದರೆ ಉಳಿದ ಒಂದನ್ನು ನಾನು ನೋಡಿದ್ದೆ.

ಸೋಮವಾರ ಆ ನಾಲ್ವರಲ್ಲಿ ಒಬ್ಬ ಫೋನ್ ಮಾಡಿದ. ವಾಸನೆ ಬಂದು ಹಿಂದಿನ ಕ್ಯಾಬಿನ್ನಿನ ಬೀಗ ತೆಗೆದಿದ್ದರು. ಜ್ವರ ಬೇರೆಯವರಿಗೆ ಹರಡುತ್ತದೆಂದು ಚೌರಪ್ಪನನ್ನು ಅಲ್ಲಿ ಹಾಕಿದ್ದರಂತೆ. ಆ ನಾಲ್ವರಿಗೆ ಇದು ಗೊತ್ತಿತ್ತು. ಬಾಯಿ ಬಿಟ್ಟರೆ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ ಹೋಗುತ್ತದೆಂದು ಹೆದರಿ ಕೂತಿದ್ದರು. ಅವರನ್ನು ಬೈಯಲು ನನಗೆ ಯಾವ ಮುಖವಿತ್ತು? ಶುಕ್ರವಾರ ಸಂಜೆಯೋ ರಾತ್ರಿಯೋ ಜೀವ ಹೋಗಿರಬೇಕು ಎಂದು ಡಾಕ್ಟರು ಹೇಳಿದರು. ಅಂದರೆ ನಾನು ಬಾಗಿಲು ಬಡಿದಾಗ ಅವನು ಬದುಕಿದ್ದ. "ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ಕೈ ಎದೆ ಮೇಲೆ ಜೋಡಿಸಿತ್ತು, ಪ್ರಸಾದ ತಗೊಂಡ ಮೇಲೆ ಕೂತ್ಕೊಳ್ತೇವಲ್ಲ, ಹಾಗೆ" ಎಂದಿದ್ದ ಫೋನ್ ಮಾಡಿದವನು. ಕ್ಯಾಂಪ್ ಬಾಸನ್ನು ಬೇರೆ ಸೈಟಿಗೆ ಹಾಕಿದರು. ಅವನಿಗೆ ಆದ ಶಿಕ್ಷೆ ಅಷ್ಟೇ.

ಸುದ್ದಿ ಹರಡಿತು. ಪ್ರಾರ್ಥನಾ ಕೂಟದವರು ಕಣ್ಣೀರು ಒರೆಸಿಕೊಳ್ಳುತ್ತ ಪವಾಡ, ಪವಾಡ ಎಂದರು. ಡಬ್ಬಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು ಎಂದರು ಒಬ್ಬರು. ನನ್ನ ತಾಳ್ಮೆ ತಪ್ಪಿತು. ಅವನಿಗೆ ಬೇಕಾಗಿದ್ದದ್ದು ಡಾಕ್ಟರು, ಒಂದು ಬಾಟಲಿ ನೀರು ಎಂದು ಚರ್ಚಿನ ಹಾಲಿನಲ್ಲೇ ಕೂಗಾಡಿದೆ.

ಫಾದರ್ ನನ್ನನ್ನು ಪಕ್ಕಕ್ಕೆ ಕರೆದು, "ಕೊನೆಗಳಿಗೆಯಲ್ಲಿ ಅವನು ಒಬ್ಬನೇ ಇರ್ಲಿಲ್ಲ ಅಂತ ಸಮಾಧಾನ ಮಾಡ್ಕೋ" ಎಂದರು.

"ಬೀಗ ಹಾಕಿದ ಬಾಗಿಲು ದಾಟಿ ಒಳಗೆ ಹೋದವರಿಗೆ, ಹೊರಗೆ ಬರುವಾಗ ಅವನನ್ನೂ ಕರ್ಕೊಂಡು ಬರ್ಲಿಕ್ಕೆ ಆಗ್ಲಿಲ್ವಾ ಫಾದರ್?" ಎಂದು ಕೇಳಿದೆ.

ಆ ಶುಕ್ರವಾರ ಡಬ್ಬಿ ಹೇಗೆ ಖಾಲಿಯಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ದೇವರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಆದರೆ ಆ ಕ್ಯಾಬಿನ್ನಿನ ಬಾಗಿಲಿಗಿದ್ದದ್ದು ಸಣ್ಣ ಬೀಗ, ಪೆಟ್ಟಿಗೆಗೆ ಹಾಕುವಂಥದ್ದು. ನನ್ನ ಕಾರಿನ ಡಿಕ್ಕಿಯಲ್ಲಿ ವೀಲ್ ಸ್ಪ್ಯಾನರ್ ಇತ್ತು.