ಭಾವನ ಅಡಿಪಟ್ಟಿ

ಅಳತೆ ಬಾರದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ದುರ್ಗಿಗುಡಿಯಲ್ಲಿ ಒಂದು ಮೆಟ್ಟಿಲಿನ ಕೆಳಗಿನ ಸಂದಿಯಷ್ಟು ಜಾಗದಲ್ಲಿ ಮಷೀನು ಹಾಕಿಕೊಂಡು ಬ್ಲೌಸ್ ಹೊಲಿದು ಬದುಕಿದವಳು ನಾನು. ಕಾಲಿಂಚು ಹೆಚ್ಚುಕಮ್ಮಿಯಾದರೆ ಗಿರಾಕಿಗಳು ಬಾಗಿಲಲ್ಲೇ ನಿಂತು ನನ್ನ ಮಾನ ಹರಾಜು ಹಾಕುತ್ತಿದ್ದರು. ಬಡಗಿಗಳಿಗೆ ಮಾತ್ರ ಈ ಭಯವಿಲ್ಲ. ಅವರ ಕೆಲಸ ಕೆಟ್ಟರೆ ತಪ್ಪು ಮರದ್ದು, ಇಲ್ಲವೇ ಮಳೆಯದು.

ಅಂಗಡಿ ಮುಚ್ಚಿದ ಮೇಲೆ ಆಲ್ಕೊಳದ ನಮ್ಮ ಮನೆಯ ಹಿತ್ತಿಲಲ್ಲಿ ತರಕಾರಿ ಬೆಳೆಯಲು ಹಿಡಿದೆ. ಮೂಲೆಯಲ್ಲೊಂದು ತಗಡಿನ ಶೆಡ್ ಇದೆ. ಅದರೊಳಗೆ ಗೋಡೆಗೆ ಸೇರಿಸಿದ ಮರದ ಚೌಕಟ್ಟಿನಲ್ಲಿ ನಾಲ್ಕು ಡ್ರಾಯರ್‌ಗಳಿಗೆ ಜಾಗ ಬಿಟ್ಟಿದ್ದರು. ಬೀಜವನ್ನು ಎಲ್ಲಿಟ್ಟರೂ ಇಲಿ ಬಿಡುತ್ತಿರಲಿಲ್ಲವಾದ್ದರಿಂದ ಸಂದಿಲ್ಲದೆ ಕೂರುವ ಡ್ರಾಯರ್‌ಗಳು ಬೇಕಾಗಿದ್ದವು. ಕೋಟೆ ಕಡೆಯಿಂದ ಒಬ್ಬ ಬಡಗಿ ಬಂದ. ಅವನ ಟೇಪಿನಲ್ಲಿ ಮೊದಲ ಎರಡಿಂಚು ಮುರಿದುಹೋಗಿತ್ತು. ಆ ಎರಡಿಂಚನ್ನು ಮನಸ್ಸಿನಲ್ಲೇ ಕಳೆಯುತ್ತೇನೆ ಎಂದ. ಅವನು ಮೊದಲು ಮಾಡಿಕೊಟ್ಟ ಒಂದು ಡ್ರಾಯರನ್ನು ಎಳೆಯಬೇಕಾದರೆ ಚೌಕಟ್ಟಿಗೆ ಒಂದು ಕಾಲು ಒತ್ತಿ ನಿಲ್ಲಬೇಕಿತ್ತು. ಮುಚ್ಚಬೇಕಾದರೆ ಸೊಂಟ ಕೊಡಬೇಕಿತ್ತು. ಅಷ್ಟಾಗಿಯೂ ಮೇಲುಗಡೆ ಇಲಿ ಸಂಸಾರ ಸಮೇತ ಹೋಗುವಷ್ಟು ಜಾಗ.

"ಅಡ್ಜಸ್ಟ್ ಆಗತ್ತೆ ಬಿಡಿ ಅಮ್ಮ, ಮಳೆಗಾಲ ಮುಗೀಲಿ" ಎಂದ. ಮಳೆಗಾಲ ಮುಗಿಯಿತು. ಡ್ರಾಯರ್ ಎಷ್ಟು ಅಡ್ಜಸ್ಟ್ ಆಯಿತೆಂದರೆ ಒಂದು ದಿನ ತಾನಾಗಿ ಜಾರಿ ನನ್ನ ಕಾಲ ಮೇಲೆ ಬಿತ್ತು. ಅದನ್ನು ಬಚ್ಚಲ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು, ಅಷ್ಟರಮಟ್ಟಿಗೆ ಒಳ್ಳೆಯ ಕೆಲಸ.

ಅದೇ ಸಮಯಕ್ಕೆ ಭದ್ರಾವತಿಯಿಂದ ಅಕ್ಕ ಫೋನ್ ಮಾಡಿದಳು. ಅವಳ ಗಂಡ, ಅಂದರೆ ನನ್ನ ಭಾವ, ಅಲ್ಲಿನ ಒಂದು ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಅವರು ಮರದಲ್ಲಿ ಮಾಡಿಕೊಟ್ಟ ಆಕಾರವನ್ನು ಮರಳಿನಲ್ಲಿ ಒತ್ತಿ, ಆ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಿದ್ದರು. ಈ ಕೆಲಸದ ಬಗ್ಗೆ ಭಾವನ ಜಂಬ ಇಡೀ ಬಳಗಕ್ಕೆ ಗೊತ್ತು. ಮದುವೆ ಮನೆಗೆ ಬಂದರೂ ಮೊದಲು ಊಟದ ಮೇಜಿನ ಕಾಲು ಅಲ್ಲಾಡಿಸಿ ನೋಡಿ, ಮುಖ ಹುಳ್ಳಗೆ ಮಾಡಿಕೊಂಡೇ ಕೂರುತ್ತಿದ್ದರು. ಅವರೂ ನಾನೂ ಎದುರು ಬದುರಾದರೆ ಅಕ್ಕ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

"ಬಲಗೈ ನಡುಗತ್ತೆ ಕಣೇ ಅವರಿಗೆ" ಎಂದಳು ಅಕ್ಕ. "ಇನ್ನು ನನ್ನಿಂದ ಆಗಲ್ಲ ಅಂತ ಕೆಲಸದ ಸಾಮಾನಿನ ಪೆಟ್ಟಿಗೆ ಮಂಚದ ಕೆಳಗೆ ತಳ್ಳಿಬಿಟ್ಟಿದ್ದಾರೆ. ಗುಜರಿಯವನಿಗೆ ಕೊಡ್ತೀನಿ ಅಂತಾರೆ. ಹಗಲೆಲ್ಲ ಗೋಡೆ ನೋಡ್ತಾ ಕೂರೋದು. ನೀನೇ ಏನಾದ್ರೂ ಕೆಲಸ ಕೊಡೇ. ನೀನು ಕೆಣಕಿದ್ರೆ ಏಳ್ತಾರೆ."

ಕೆಣಕುವ ಕೆಲಸಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೋನನ್ನು ಭಾವನಿಗೆ ಕೊಡಿಸಿಕೊಂಡೆ. "ಭಾವ, ಶಿವಮೊಗ್ಗದಲ್ಲಿ ಡ್ರಾಯರ್ ಮಾಡೋರೇ ಇಲ್ಲ. ನಿಮ್ಮ ಕೈಲೂ ಆಗಲ್ಲ ಬಿಡಿ" ಎಂದೆ. "ಅಳತೆ ವಾಟ್ಸಾಪ್ ಮಾಡು ಮಾರಾಯ್ತಿ. ಸರಿಯಾಗಿ ಅಳಿ. ಇದು ಬ್ಲೌಸ್ ಅಲ್ಲ" ಎಂದರು. ಹೊಸ ಉಕ್ಕಿನ ಟೇಪು ಕೊಂಡು ಡ್ರಾಯರ್ ಕೂರುವ ಪ್ರತಿ ಗೂಡನ್ನೂ ಹಿಂದೆ, ಮುಂದೆ, ನಡುವೆ ಅಳೆದು ಕಳಿಸಿದೆ. ಬ್ಲೌಸಿನ ಮಾತು ನನಗೆ ಚುಚ್ಚಿತ್ತು.

ಡ್ರಾಯರ್‌ಗಳು ಪರಿಚಯದ ಒಂದು ಟೆಂಪೋದಲ್ಲಿ ಬಂದವು. ಹಳೆಯ ಹಲಸಿನ ಹಲಗೆ, ಬೆಣ್ಣೆಯಂತೆ ನುಣುಪು. ಮೂಲೆಗಳಲ್ಲಿ ಒಂದೂ ಮೊಳೆಯಿಲ್ಲ, ಎರಡು ಕೈಗಳ ಬೆರಳು ಹೆಣೆದ ಹಾಗೆ ಹಲಗೆಗೆ ಹಲಗೆ ಕೂಡಿಸಿದ್ದರು. ಹೊಗಳಬೇಕಲ್ಲ ಎಂದು ನನಗೆ ಸಂಕಟವೇ ಆಯಿತು. ಆದರೆ ಆ ಕಷ್ಟ ತಪ್ಪಿತು. ನಾಲ್ಕರಲ್ಲಿ ಒಂದೂ ಗೂಡಿನೊಳಗೆ ಹೋಗಲಿಲ್ಲ.

ನನ್ನ ನಾಲಿಗೆಗೆ ಎಲುಬಿಲ್ಲ. ಅಲ್ಲೇ ನಿಂತು ಫೋನ್ ಮಾಡಿ, "ಭಾವ, ನಿಮ್ಮ ಡ್ರಾಯರಿಗಿಂತ ಕೋಟೆ ಬಡಗಿಯದೇ ವಾಸಿ. ಅದು ಒಳಗಾದ್ರೂ ಹೋಗ್ತಿತ್ತು" ಎಂದೆ. ತಿರುಗಿ ಬಯ್ಯುತ್ತಾರೆ ಎಂದು ಕಾದೆ. ಅವರು ಬಯ್ಯಲಿಲ್ಲ. "ಹಂಗಾದ್ರೆ ಕೈ ಹೋಯ್ತು ಬಿಡು" ಎಂದು ಫೋನ್ ಇಟ್ಟರು. ಸಂಜೆ ಅಕ್ಕ ಫೋನ್ ಮಾಡಿ ಅಳುತ್ತ, ಗುಜರಿಯವನಿಗೆ ನಾಳೆ ಬರಲು ಹೇಳಿದ್ದಾರೆ ಎಂದಳು.

ನನಗೆ ಸಿಟ್ಟು ಬಂತು. ಬೈಸಿಕೊಂಡು ಸುಮ್ಮನಾಗುವ ಭಾವನನ್ನು ನಾನು ಕಂಡೇ ಇರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ. ಶೆಡ್ಡಿಗೆ ಹೋಗಿ ನಾಲ್ಕು ಡ್ರಾಯರ್‌ಗಳನ್ನೂ ಟೇಪು ಹಿಡಿದು ಅಳೆದೆ. ನಡುಗುವ ಕೈಯ ಕೆಲಸವಾಗಿದ್ದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬೇಕಿತ್ತು. ಇಲ್ಲಿ ಹಾಗಿಲ್ಲ. ಉದ್ದನೆಯ ಬದಿಯಲ್ಲಿ ಹೆಚ್ಚು ಬೆಳೆದಿತ್ತು, ಗಿಡ್ಡ ಬದಿಯಲ್ಲಿ ಅದಕ್ಕೆ ತಕ್ಕ ಹಾಗೆ ಸ್ವಲ್ಪವೇ ಬೆಳೆದಿತ್ತು. ನಾಲ್ಕರಲ್ಲೂ ಅದೇ ಲೆಕ್ಕ. ಇದು ನನಗೆ ಗೊತ್ತಿದ್ದ ರೋಗ. ಬ್ಲೌಸು ಎಲ್ಲ ಕಡೆಯೂ ಒಂದೇ ಹದದಲ್ಲಿ ಸಡಿಲ ಬಂದರೆ ತಪ್ಪು ಕತ್ತರಿಯದಲ್ಲ. ಕತ್ತರಿಸುವಾಗ ಹಿಡಿದ ಬಟ್ಟೆಯ ಟೇಪು ಹಳತಾಗಿ ಜಗ್ಗಿದೆ ಎಂದರ್ಥ.

ಮರುದಿನ ಬೆಳಿಗ್ಗೆ ಒಂದು ಡ್ರಾಯರನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಪಕ್ಕದವರು ಮೊಲದ ಗೂಡೇ ಎಂದು ಕೇಳಿದರು. ಭಾವನ ಮನೆಯಲ್ಲಿ ಪೆಟ್ಟಿಗೆ ಆಗಲೇ ಜಗಲಿಗೆ ಬಂದು ಕೂತಿತ್ತು. ಭಾವ ಒಳಗೆ ಗೋಡೆ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. ನಾನು ಯಾರನ್ನೂ ಕೇಳದೆ ಪೆಟ್ಟಿಗೆ ತೆರೆದು, ಅವರು ಬಳಸುವ ಉಕ್ಕಿನ ಅಡಿಪಟ್ಟಿ ತೆಗೆದು, ಪಕ್ಕದಲ್ಲಿ ನನ್ನ ಟೇಪು ಬಿಚ್ಚಿ ಅವರ ಮುಂದೆ ನೆಲದ ಮೇಲಿಟ್ಟೆ.

"ನೋಡಿ ಭಾವ. ನಿಮ್ಮ ಒಂದಡಿ ಜಗತ್ತಿನ ಒಂದಡಿಗಿಂತ ಉದ್ದ ಇದೆ. ಜಂಬಕ್ಕೂ ಒಂದು ಮಿತಿ ಬೇಡವಾ?"

ಭಾವ ಬಗ್ಗಿ ನೋಡಿದರು. ಅದು ಕಾರ್ಖಾನೆಯ ಕಾಲದ ಪಟ್ಟಿ, ಅದರ ಗುಟ್ಟನ್ನು ಅವರೇ ಆಮೇಲೆ ಹೇಳಿದರು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಅದಕ್ಕೆಂದೇ ಅಚ್ಚಿನವರ ಅಡಿಪಟ್ಟಿಯಲ್ಲಿ ಇಂಚುಗಳನ್ನೇ ಒಂದಿಷ್ಟು ಹಿಗ್ಗಿಸಿ ಕೊರೆದಿರುತ್ತಾರೆ. ಕೆಲಸದ ಕಾಲದುದ್ದಕ್ಕೂ ಅದನ್ನೇ ಹಿಡಿದ ಕೈ ಈಗಲೂ ಅದನ್ನೇ ಹಿಡಿದಿತ್ತು. ತಮ್ಮ ಮನೆಯ ಕಪಾಟು, ಮೇಜುಗಳನ್ನೆಲ್ಲ ಅವರು ಅದೇ ಪಟ್ಟಿಯಿಂದ ಅಳೆದು ಅದೇ ಪಟ್ಟಿಯಿಂದ ಕೊಯ್ದಿದ್ದರಿಂದ ಎಲ್ಲ ಸರಿಯಾಗಿ ಕೂತಿತ್ತು. ಈ ಸಲ ಅಳತೆ ಬಂದದ್ದು ನನ್ನ ಟೇಪಿನಿಂದ.

ಭಾವ ಡ್ರಾಯರನ್ನು ಎತ್ತಿ ಮೂಲೆ ಮೂಲೆಗೂ ಅಡಿಪಟ್ಟಿ ಇಟ್ಟರು. ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಅವರ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದೆ.

"ನನ್ನ ಕೆಲಸದಲ್ಲಿ ತಪ್ಪಿಲ್ಲ ಮಾರಾಯ್ತಿ" ಎಂದರು. "ಇದನ್ನ ಕಬ್ಬಿಣದಲ್ಲಿ ಎರಕ ಹೊಯ್ಸು. ಆರಿದ ಮೇಲೆ ನಿನ್ನ ಶೆಡ್ಡಲ್ಲಿ ಸರಿಯಾಗಿ ಕೂರತ್ತೆ."

ಅಷ್ಟರಲ್ಲಿ ಗುಜರಿಯವನು ಬಾಗಿಲಿಗೆ ಬಂದು, "ಸಾರ್, ಪೆಟ್ಟಿ ಇದೇನಾ?" ಎಂದ. ಅಕ್ಕ ಸೆರಗಿನ ತುದಿ ಹಿಡಿದುಕೊಂಡು ಭಾವನ ಮುಖ ನೋಡಿದಳು.

"ಪೆಟ್ಟಿಗೆ ಇಲ್ಲ. ಬೇಕಾದ್ರೆ ಇವಳ ಟೇಪ್ ತಗೊಂಡು ಹೋಗು" ಎಂದರು ಭಾವ.

ಮುಂದಿನ ವಾರ ಅಕ್ಕನೊಂದಿಗೆ ಆಲ್ಕೊಳಕ್ಕೆ ಬಂದರು, ಪೆಟ್ಟಿಗೆ ಸಮೇತ. ಮೊದಲು ನನ್ನ ಶೆಡ್ಡನ್ನು ಬೈದರು, ಆಮೇಲೆ ಚೌಕಟ್ಟನ್ನು, ಆಮೇಲೆ ಅದನ್ನು ಮಾಡಿದವನ ವಂಶವನ್ನು. ನಡುನಡುವೆ ಕೀಸುಳಿಯಿಂದ ಡ್ರಾಯರಿನ ಬದಿಗಳನ್ನು ಕಾಗದದಷ್ಟು ತೆಳ್ಳಗೆ ಹೆರೆದು ಹೆರೆದು ಇಳಿಸಿದರು. ಕೊನೆಗೆ ಒಂದು ಡ್ರಾಯರನ್ನು ಒಂದೇ ಬೆರಳಿನಿಂದ ನೂಕಿದರು. ಅದು ಸದ್ದಿಲ್ಲದೆ ಒಳಗೆ ಹೋಯಿತು. ಎಲ್ಲೂ ಸಂದಿಯಿಲ್ಲದ್ದರಿಂದ ಒಳಗಿನ ಗಾಳಿಗೆ ಬೇರೆ ದಾರಿಯಿಲ್ಲದೆ, ಪಕ್ಕದ ಡ್ರಾಯರ್ ತಾನಾಗಿ ಒಂದಿಷ್ಟು ಹೊರಗೆ ಬಂತು. ಭಾವ ನನ್ನ ಕಡೆ ನೋಡಲಿಲ್ಲ, ಆದರೆ ನಾನು ನೋಡಿದೆನೋ ಇಲ್ಲವೋ ಎಂದು ಕಾಯುತ್ತಿದ್ದರು. ನಾನು ಕಾಫಿ ಮಾಡಲು ಎದ್ದೆ. ಅಷ್ಟು ಸುಲಭಕ್ಕೆ ಹೊಗಳುವವಳಲ್ಲ.

ಶೆಡ್ಡಿಗೇ ಕಾಫಿ ತಂದುಕೊಟ್ಟೆ. ಲೋಟ ಬಾಯಿಗೆ ಹೋಗುವ ಮೊದಲೇ ಕೈ ನಡುಗಿ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಭಾವ ಲೋಟವನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ನನ್ನ ನಾಲಿಗೆ ಅವರಿಗೆ ಗೊತ್ತಿತ್ತು.

"ಅಳತೆ ತಪ್ಪಿದ್ದು ನಂದೇ ಭಾವ" ಎಂದೆ. "ಲೋಟ ತೀರಾ ತುಂಬಿಸಿಬಿಟ್ಟೆ."