ಮಲ್ಲಿಗೆ ಸಿಸ್ಟರ್ಸ್ ಎರಡು ಸಲ ಹಾಡಿದ ಹಾಡು

ಸೂಜಿ ಚುಚ್ಚುವ ಮೊದಲು ನರ್ಸು ತೋಳಿಗೆ ಸ್ಪಿರಿಟ್ ಒರೆಸುತ್ತಾಳಲ್ಲ, ಆ ವಾಸನೆಗೆ ಎಲ್ಲರಿಗೂ ಆಸ್ಪತ್ರೆ ನೆನಪಾದರೆ ನನಗೆ ಮೊರಪ್ಪೂರಿನ ಅಜ್ಜಿ ಮನೆ ನೆನಪಾಗುತ್ತದೆ. ಅಲ್ಲಿ ನಡುಮನೆಯ ಗೂಡಿನಲ್ಲಿ ಎರಡು ಸ್ಪೀಕರಿನ ಟೇಪ್ ರೆಕಾರ್ಡರ್ ಇತ್ತು. ಅಮ್ಮನ ತಂಗಿ, ನಮ್ಮ ವಸಂತ ಚಿಕ್ಕಮ್ಮ, ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ರೆಕಾರ್ಡರಿನೊಳಗೆ ಟೇಪ್ ತಾಗುವ ಹೆಡ್ಡನ್ನು ಒರೆಸುತ್ತಿದ್ದಳು. ಹತ್ತಿಗೆ ಕಂದು ಬಣ್ಣದ ಕೊಳೆ ಮೆತ್ತಿಕೊಂಡು ಬರುತ್ತಿತ್ತು. ಅಷ್ಟರ ತನಕ ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿರಲಿಲ್ಲ, ತಾತ ಕೂಡ. ತಾತ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ರಿಟೈರ್ ಆದವರು. ಮನೆಯ ಹಿತ್ತಲು ಮುಗಿದಲ್ಲಿ ರೈಲು ಹಳಿ ಶುರುವಾಗುತ್ತಿತ್ತು. ಜೋಲಾರ್‌ಪೇಟೆ ಕಡೆಯ ಗಾಡಿ ಬಂದಾಗ ಅಡಿಗೆಮನೆಯ ತಟ್ಟೆಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು, ಹಾಡುತ್ತಿದ್ದ ಚಿಕ್ಕಮ್ಮ ಬಾಯಿ ಮುಚ್ಚಿ ಗಾಡಿ ಹೋಗುವ ತನಕ ಕಾಯುತ್ತಿದ್ದಳು. ಸೇಲಂನಲ್ಲಿ ಓದುತ್ತಿದ್ದ ನಾನು ರಜೆ ಬಂದರೆ ಸಾಕು, ಅಲ್ಲೇ ಬಿದ್ದಿರುತ್ತಿದ್ದೆ.

ನಮ್ಮದು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಾನು ಇದನ್ನು ಬರೆಯುವಷ್ಟು ಕಲಿತದ್ದೇ ಮೂವತ್ತು ದಾಟಿದ ಮೇಲೆ. ಚಿಕ್ಕಮ್ಮ ಕನ್ನಡದ ಹಾಡನ್ನು ತಮಿಳು ಅಕ್ಷರದಲ್ಲಿ, ಹಳೆಯ ರೈಲ್ವೆ ಡೈರಿಯ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು. ಬರೆದಿಟ್ಟದ್ದು ಅಜ್ಜಿಯ ಹಾಡುಗಳು ಅಂದುಕೊಂಡಿದ್ದೆವು. ಕೊನೆಗೆ ನೋಡಿದರೆ ಅದರಲ್ಲಿ ಒಂದು ಚಿಕ್ಕಮ್ಮನದೇ. ನಮ್ಮವರ ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ ಮುತ್ತೈದೆಯರು ನಿಂತು ಹಾಡಬೇಕು, ಮದುವೆಯಾಗದ ಹೆಣ್ಣುಮಕ್ಕಳಾದರೂ ಆದೀತು. ಆ ಹಾಡಿಗೆ ಚಿಕ್ಕಮ್ಮ ಹೊಸ ಮಾತು, ಹೊಸ ರಾಗ ಕಟ್ಟಿದ್ದಳು. “ಅರಿಶಿನ ಅರೆದೀವಿ, ಅಂಗಳ ಸಾರ್ಸೀವಿ, ಬಾ ನಮ್ಮ ಮಗಳೆ ಹಸೆಗೆ” ಅಂತ ಶುರು. “ಮಗಳೆ” ಅನ್ನುವಲ್ಲಿ ದನಿಯನ್ನು ಮೇಲಕ್ಕೆ ಒಯ್ದು, ಅಲ್ಲೇ ಒಂದು ಗಳಿಗೆ ನಿಲ್ಲಿಸಿ, ಮೆಲ್ಲಗೆ ಇಳಿಸುತ್ತಿದ್ದಳು. ಅದೊಂದು ಜಾಗಕ್ಕೆ ಅಜ್ಜಿ ಬೀಸುವುದನ್ನು ಬಿಟ್ಟು ಕೂತು ಕೇಳುತ್ತಿದ್ದಳು.

ಗ್ರೂಪ್ ಮಾಡೋಣ ಅಂದದ್ದು ಪಕ್ಕದ ಮನೆಯ ರಾಜಿ. ಆಗಷ್ಟೇ ಅವರ ಮನೆಗೆ ಕೇಬಲ್ ಬಂದಿತ್ತು. ಯಾವುದೋ ದೇಶದ ಹುಡುಗಿಯರು ಒಂದೇ ಥರ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತು ಹಾಡುವುದನ್ನು ನೋಡಿ ಅವಳಿಗೆ ತಲೆ ಕೆಟ್ಟಿತ್ತು. ಚಿಕ್ಕಮ್ಮ, ರಾಜಿ, ಚಿಕ್ಕಮ್ಮನ ಜೊತೆ ಓದಿದ ಮಂಜುಳ, ಮೂವರೂ ಸೇರಿ ಮಲ್ಲಿಗೆ ಸಿಸ್ಟರ್ಸ್ ಆದರು. ಅಕ್ಕತಂಗಿಯರಲ್ಲದವರು ಸಿಸ್ಟರ್ಸ್ ಹೇಗಾಗುತ್ತೀರೆಂದು ತಾತ ಕೇಳಿದ್ದಕ್ಕೆ, ಸ್ಟೇಷನ್ನಿನ ಬೋರ್ಡಿನಲ್ಲಿ ಬರೆದ ಟೈಮಿಗೆ ಗಾಡಿ ಬರುತ್ತದೆಯೇ ಎಂದು ರಾಜಿ ತಿರುಗಿಸಿ ಕೇಳಿದಳು. ಸೇಲಂನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಕ್ಯಾಸೆಟ್ ಅಂಗಡಿಯ ಮಹಡಿ ಮೇಲೆ ರೆಕಾರ್ಡಿಂಗ್ ರೂಮಿತ್ತು. ಅಂಗಡಿಯವರು ಸೆಲ್ವಮ್ ಅಣ್ಣ, ತಮಿಳರು. ಅಲ್ಲಿಯ ತನಕ ದೇವರ ಹಾಡು, ನಾಟಕದ ಹಾಡು ಇಷ್ಟೇ ರೆಕಾರ್ಡ್ ಮಾಡುತ್ತಿದ್ದವರು. ಮೂವರೂ ಮಾವಿನಹಣ್ಣಿನ ಬಣ್ಣದ ದಾವಣಿ ಉಟ್ಟು ಪ್ಯಾಸೆಂಜರ್ ಗಾಡಿ ಹತ್ತಿದರು. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ಟ್ರೇ ಹೊಡೆದ ಆ ರೂಮಿನಲ್ಲಿ, ಫ್ಯಾನ್ ಹಾಕಿದರೆ ಸದ್ದು ಬರುತ್ತದೆಂದು ಆರಿಸಿ, ಒಂದೇ ಮೈಕಿನ ಮುಂದೆ ಮೂರು ತಲೆಗಳನ್ನು ಸೇರಿಸಿ, ಕೀಬೋರ್ಡ್, ರಿದಮ್ ಪ್ಯಾಡಿನ ಜೊತೆಗೆ ಆ ಹಸೆಯ ಹಾಡನ್ನು, ಚಿಕ್ಕಮ್ಮನ ದನಿ ಮುಂದಾಗಿ, ಹಾಡಿದರು. ನಾನು ಮೂಲೆಯಲ್ಲಿ ಕೆಮ್ಮು ಬರದಂತೆ ಬಾಯಿಗೆ ಉಟ್ಟ ಪಾವಾಡೆಯ ಅಂಚು ತುರುಕಿಕೊಂಡು ಕೂತಿದ್ದೆ. ಆಗ ನನಗೆ ಒಂಬತ್ತು ವರ್ಷ. ಅಷ್ಟು ಚಂದದ ಮನುಷ್ಯರನ್ನು ನಾನು ಆಮೇಲೆ ನೋಡಿಲ್ಲ ಅಂದರೆ ಉತ್ಪ್ರೇಕ್ಷೆ ಅನ್ನುತ್ತೀರಿ, ಅನ್ನಿ.

ಆ ಒಂದೇ ಹಾಡಿನ ಕ್ಯಾಸೆಟ್ ನಮ್ಮವರ ಮದುವೆಗಳಲ್ಲಿ ಓಡಿದ್ದು ನೋಡಬೇಕಿತ್ತು. ಕಾರಿಮಂಗಲಂ, ಧರ್ಮಪುರಿ, ಅತ್ತ ಏರ್ಕಾಡಿನ ಎಸ್ಟೇಟಿನಲ್ಲಿ ಮೇಸ್ತ್ರಿಗಳಾಗಿದ್ದ ನಮ್ಮವರ ಮನೆಗಳ ತನಕ ಹೋಯಿತು. ಸ್ಪೀಕರ್ ಕಟ್ಟುವವರು ಕೇಳದಿದ್ದರೂ ತಂದು ಹಾಕುತ್ತಿದ್ದರು. ಹಸೆಗೆ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸರಿಗೆ ಬಿಡುವು ಸಿಕ್ಕಿತು. ಹಾಡುವವರ ಜಾಗಕ್ಕೆ ಕ್ಯಾಸೆಟ್ ಬಂತು ಅಂದಮೇಲೆ ಹಾಡುವವರಿಗೆ ಇದ್ದ ಕಟ್ಟುಪಾಡೂ ಅದರ ಜೊತೆಗೇ ಬಂತು ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ. ಚಿಕ್ಕಮ್ಮನ ಮದುವೆಯಲ್ಲೂ ಅದೇ ಹಾಡು. ತನ್ನ ದನಿ ಕೇಳಿಕೊಂಡು ತಾನೇ ಹಸೆಗೆ ಬಂದವಳು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ. ನಗು ತಡೆಯಲಾಗದೆ ತಲೆ ತಗ್ಗಿಸಿದ್ದಳು, ನಾಚಿಕೆ ಅಂದುಕೊಂಡರು ಜನ. ಚಿಕ್ಕಪ್ಪ ಕಾರಿಮಂಗಲದವರು, ಬಸ್ ಕಂಡಕ್ಟರ್, ಒಳ್ಳೆಯ ಮನುಷ್ಯ. ಎರಡನೇ ವರ್ಷ ಕಾಮಾಲೆ ಬಂತು. ನಾಟಿ ಔಷಧಿ ಅಂತ ಹದಿನೈದು ದಿನ ಕಳೆದರು, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಚಿಕ್ಕಮ್ಮ ಒಂದು ಟ್ರಂಕಿನ ಜೊತೆ ಮೊರಪ್ಪೂರಿಗೆ ವಾಪಸ್ ಬಂದಳು. ಮಕ್ಕಳಿರಲಿಲ್ಲ.

ಮರುವರ್ಷ ಕಾರಿಮಂಗಲದಲ್ಲೇ ಒಂದು ಮದುವೆ. ಸಂಬಂಧ ಹತ್ತಿರದ್ದು, ಹೋಗದಿದ್ದರೆ ತಪ್ಪಾಗುತ್ತಿತ್ತು. ಚಿಕ್ಕಮ್ಮ ಬಂದವಳೇ ನೇರ ಅಡಿಗೆ ಪಂದಲಿಗೆ ಹೋಗಿ ಬೆಳ್ಳುಳ್ಳಿ ಬಿಡಿಸಲು ಕೂತಳು, ನಾನೂ ಅವಳ ಪಕ್ಕ ಕೂತೆ. ಹೆಣ್ಣನ್ನು ಕರೆಯುವ ಹೊತ್ತಿಗೆ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಅರಿಶಿನ ಅರೆದೀವಿ, ಅಂಗಳ ಸಾರ್ಸೀವಿ. ಚಿಕ್ಕಮ್ಮನ ಕೈ ನಿಂತಿತು. ಅಷ್ಟರಲ್ಲಿ ಹೆಣ್ಣಿನ ದೊಡ್ಡಮ್ಮನ ಮಾತು ಪಂದಲಿಗೆಲ್ಲ ಕೇಳಿಸಿತು.

“ಅದ ನಿಲ್ಸಪ್ಪಾ. ತಾಳಿ ಕಳ್ಕಂಡೋಳ್ ದನಿ ನಮ್ ಹುಡುಗಿ ಹಸೆಗೆ ಬ್ಯಾಡ.”

“ಬಾ ನಮ್ಮ” ಅನ್ನುವಲ್ಲಿ ಹಾಡು ತುಂಡಾಯಿತು. ಬದಲಿಗೆ ಯಾವುದೋ ತಮಿಳು ಸಿನಿಮಾ ಹಾಡು ಹಾಕಿದರು. ಆ ಹೆಂಗಸು ಕೆಟ್ಟವಳಲ್ಲ, ಚಿಕ್ಕಪ್ಪ ಹೋದಾಗ ಮೂರು ದಿನ ಬಂದು ಚಿಕ್ಕಮ್ಮನಿಗೆ ಗಂಜಿ ಕುಡಿಸಿದವಳೇ. ಆದರೂ ನನಗೆ ಆ ಸಿಟ್ಟು ಇವತ್ತಿಗೂ ಹೋಗಿಲ್ಲ. ಚಿಕ್ಕಮ್ಮ ಮಾತ್ರ ಬೆಳ್ಳುಳ್ಳಿ ಮುಗಿಸಿ, ಸಿಪ್ಪೆ ಗುಡಿಸಿ, ಕೈ ತೊಳೆದುಕೊಂಡು ಎದ್ದಳು. ಊಟ ಮಾಡಿಯೇ ಹೊರಟೆವು.

ಒಬ್ಬರು ನಿಲ್ಲಿಸಿದರೆ ಸಾಕಲ್ಲ, ಉಳಿದವರಿಗೂ ಅದೇ ನೆಪವಾಯಿತು. ಒಂದು ದಿನ ಸೆಲ್ವಮ್ ಅಣ್ಣ ತಾವೇ ಮೊರಪ್ಪೂರಿಗೆ ಬಂದರು. ಹಾಡು ಎಲ್ಲರಿಗೂ ಬೇಕು, ಕ್ಯಾಸೆಟ್ ಯಾರಿಗೂ ಬೇಡ ಎಂದರು. ಈಗ ಅಂಗಡಿಗೆ ಕಂಪ್ಯೂಟರ್ ಬಂದಿದೆ, ಪೂರ್ತಿ ಹೊಸದಾಗಿ ಮಾಡೋಣ ಅಂದರು. “ಒರೇ ಒರು ವಾಯ್ಸ್ ತಾನ್ ಮಾ, ಮಾತ್ತಿಡಲಾಂ” ಎಂದು ಚಿಕ್ಕಮ್ಮನಿಗೇ ಹೇಳಿದರು. ಒಂದೇ ಒಂದು ದನಿ ತಾನೆ, ಬದಲಾಯಿಸಿಬಿಡೋಣ. ಅಜ್ಜಿ ಎದ್ದು ಒಳಗೆ ಹೋದಳು. ತಾತ ಹಳಿಯ ಕಡೆ ನೋಡುತ್ತ ಕೂತರು. ಬೇಡ ಅನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಚಿಕ್ಕಮ್ಮ ನನ್ನ ಕಡೆ ಕೈ ತೋರಿಸಿದಳು.

“ಇವಳು ಹಾಡ್ತಾಳೆ. ಬ್ಯಾಡ ಅಂದಿದ್ದು ನನ್ ದನಿಯ. ಹಾಡು ಏನ್ ಮಾಡೈತೆ ಪಾಪ.”

ನನಗೆ ಆಗ ಹದಿನಾಲ್ಕು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಕ್ಯಾಸೆಟ್ಟಿನ ಮೇಲೆ ನನ್ನ ಫೋಟೋ ಬರುತ್ತದೆ, ಸ್ಕೂಲಿನಲ್ಲಿ ಎಲ್ಲರಿಗೂ ತೋರಿಸಬಹುದು, ಇಷ್ಟೇ ತಲೆಯಲ್ಲಿ ಓಡಿದ್ದು. ಇದನ್ನು ಬರೆಯಲು ಈಗಲೂ ಮುಜುಗರ.

ಆ ಬೇಸಿಗೆ ರಜೆಯೆಲ್ಲ ಅವಳು ನನಗೆ ಕಲಿಸಿದಳು. ನಾನು ಹಳೆಯ ಕ್ಯಾಸೆಟ್ ಹಾಕಿ, ಅವಳು ಹಾಡಿದ್ದನ್ನು ಕೇಳಿ, ಅದರ ಹಿಂದೆಯೇ ಹಾಡುತ್ತಿದ್ದೆ. ವಾರವಾದರೂ ಆ ಒಂದು ಜಾಗ ಹಿಡಿತಕ್ಕೆ ಬರಲಿಲ್ಲ. ದನಿ ಮೇಲೆ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಿಕ್ಕಮ್ಮ ಆ ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಅಳಿಸಿಹೋಗದಿರಲೆಂದು ಅದರ ಬೆನ್ನಿನ ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮೊದಲೇ ಮುರಿದಿದ್ದರು. ಆ ತೂತುಗಳಿಗೆ ಪೇಪರ್ ಉಂಡೆ ಮಾಡಿ ತುರುಕಿ, ಮತ್ತೆ ಹಾಕಿ, ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ನನಗೆ ಹಾಡು ಅಂದಳು. ಬೇರೆ ಖಾಲಿ ಕ್ಯಾಸೆಟ್ ಗೂಡಿನಲ್ಲೇ ಐತೆ ಅಂದೆ. ಅವಳು ಬೆರಳು ತೆಗೆಯಲಿಲ್ಲ.

“ನನ್ನೇ ಕೇಳ್ತಾ ಕುಂತ್ರೆ ನಿಂಗೆ ನಿನ್ ದನಿ ಬರಾಕಿಲ್ಲ ಕಣೆ. ಹಾಡು.”

ಹಾಡಿದೆ. ಟೇಪ್ ಸುತ್ತುತ್ತ ಹೋಯಿತು. ನನ್ನ ದನಿ ಒಳಗೆ ಹೋದಷ್ಟೂ ಅವಳ ದನಿ ಅಳಿಯುತ್ತಿತ್ತು ಅನ್ನುವುದು ಆಗಲೂ ನನಗೆ ಗೊತ್ತಿತ್ತು. ಗೊತ್ತಿಲ್ಲದ ಹುಡುಗಿಯಾಗಿದ್ದೆ ಅಂತ ಜಾರಿಕೊಳ್ಳುವ ಹಾಗಿಲ್ಲ. ಉಳಿದ ಮನೆಗಳಲ್ಲಿ ಇದ್ದವೂ ಹೆಚ್ಚು ದಿನ ಬಾಳಲಿಲ್ಲ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂದು ಸೆಲ್ವಮ್ ಅಣ್ಣ ಊರೂರಿಗೆ ಹೇಳಿ ಕಳಿಸಿದರು. ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಳ್ಳುವ ನಮ್ಮ ಹೆಂಗಸರು ಬಿಡುತ್ತಾರೆಯೇ, ಒಂದೂ ಉಳಿಸದೆ ತಂದು ಕೊಟ್ಟರು. ಅದರ ಮೇಲೆಯೇ ಅಣ್ಣ ಹೊಸದನ್ನು ರೆಕಾರ್ಡ್ ಮಾಡಿ ವಾಪಸ್ ಕಳಿಸಿದರು.

ಎರಡನೆಯ ರೆಕಾರ್ಡಿಂಗಿಗೆ ರಾಜಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಳು, ಮಂಜುಳ ಸ್ಕೂಲಿಗೆ ರಜೆ ಹಾಕಿ ಬಂದಳು, ಅವಳು ಟೀಚರ್ ಆಗಿದ್ದಳು. ಇಬ್ಬರೂ ಚಿಕ್ಕಮ್ಮನ ಮುಖ ನೋಡಲಾರದೆ ಏನೇನೋ ಹರಟಿದರು. ಈ ಸಲ ಒಬ್ಬೊಬ್ಬರೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡಬೇಕಿತ್ತು. ನಾನು ಗಾಜಿನ ಒಳಗೆ, ಚಿಕ್ಕಮ್ಮ ಹೊರಗೆ. ಅವಳ ತುಟಿ ಅಲುಗುವುದನ್ನು ನೋಡುತ್ತ ನಾನು ಎರಡು ಸಲ ತಪ್ಪಿದೆ. ಚಿಕ್ಕಮ್ಮನ ಮುಖ ನೋಡಬೇಡ ಎಂದು ಸೆಲ್ವಮ್ ಅಣ್ಣ ನನ್ನನ್ನು ಗದರಿದರು. ಚಿಕ್ಕಮ್ಮ ತಾನಾಗಿಯೇ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಳು. ಮೂರನೇ ಸಲಕ್ಕೆ ದನಿ ಹೋಗಿ ನಿಲ್ಲಬೇಕಾದ ಕಡೆ ನಿಂತಿತು. ಹೊರಗೆ ಬಂದಾಗ, ಕೊನೆಯಲ್ಲಿ ಉಸಿರು ಸ್ವಲ್ಪ ಸಾಲದು, ಪರವಾಗಿಲ್ಲ ಅಂದಳು. ಆಮೇಲೆ ರಾಜಿ, ಮಂಜುಳ ಇಬ್ಬರಿಗೂ ಕಾಫಿ ಕೊಡಿಸಿ ನನಗೆ ಬಿಸಿ ಹಾಲು ಕೊಡಿಸಿದಳು, ಗಂಟಲಿಗೆ ಒಳ್ಳೆಯದೆಂದು. ಆ ದಿನದಿಂದ ಸಾಯುವ ತನಕ ಚಿಕ್ಕಮ್ಮ ಹಾಡಿದ್ದನ್ನು ನಾನು ಕೇಳಲಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಕೂಡ ಕೇಳಲಿಲ್ಲ.

ಆಮೇಲಿನದು ಎಲ್ಲರ ಮನೆಯ ಕತೆಯೇ. ತಾತ ಹೋದರು, ಅಜ್ಜಿ ಹೋದಳು, ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಗೋಡೌನ್ ಇದೆ. ನನ್ನ ಅಣ್ಣನ ಮಕ್ಕಳು ತಮ್ಮತಮ್ಮಲ್ಲಿ ತಮಿಳನ್ನೇ ಆಡುತ್ತಾರೆ. ಚಿಕ್ಕಮ್ಮ ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿ, ಕೆಲಸದಲ್ಲಿರುವಾಗಲೇ ತೀರಿಕೊಂಡಳು. ಸೇಲಂನ ನಮ್ಮ ಮನೆಯಲ್ಲೇ ಹನ್ನೊಂದನೆಯ ದಿನದ ಕಾರ್ಯ ಮಾಡಿದೆವು. ಊಟವಾದ ಮೇಲೆ ಹೆಂಗಸರೆಲ್ಲ ಅವಳ ಫೋಟೋದ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು. ಕಾರಿಮಂಗಲದಿಂದ ಬಂದಿದ್ದ ಸುಗುಣ ಎಂಬವಳು, ನಮಗೆ ದೂರದ ನೆಂಟಳು, ಫೋನ್ ತೆಗೆದು ಏನೋ ಹುಡುಕಿ, ನೆಲದ ಮೇಲಿಟ್ಟಳು. ಯಾರೋ ಹಳೆಯ ಕ್ಯಾಸೆಟ್ಟಿನಿಂದ ಫೋನಿಗೆ ಹಾಕಿಕೊಂಡದ್ದಂತೆ. ಅರಿಶಿನ ಅರೆದೀವಿ, ಅಂಗಳ ಸಾರ್ಸೀವಿ. ಮೊದಲ ಸಾಲಿಗೇ ಗೊತ್ತಾಯಿತು, ಎರಡನೆಯ ಸಲದ್ದು. ನನ್ನ ದನಿ. ದನಿ ಬದಲಾಯಿಸಿದ್ದನ್ನು ಮರೆತೇಬಿಟ್ಟಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ವಸಂತಕ್ಕನ ದನಿ ನೋಡಿ, ಇನ್ನೂ ಇಲ್ಲೇ ಕೂತು ಹಾಡಿದ ಹಾಗೆ ಐತೆ ಅಂದರು. ಎದುರಿಗೆ ಕೂತಿದ್ದ ರಾಜಿ ನನ್ನ ಕಡೆ ನೋಡಿದಳು. ನನ್ನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಸುಗುಣ ನನ್ನ ಕೈ ಹಿಡಿದುಕೊಂಡಳು.

“ನನ್ ಮದ್ವೇಲಿ ಇದನ್ನೇ ಹಾಕಿದ್ರು ಅಕ್ಕಾ. ವಸಂತಕ್ಕನ ದನಿ ಕೇಳ್ಕಂಡೇ ನಾನು ಹಸೆಗೆ ಬಂದಿದ್ದು. ಒಂದು ಕೊರೆ ಇಲ್ದಂಗೆ ಬದುಕಿದೀನಿ, ಎಲ್ಲಾ ಆಯಮ್ಮನ ಬಾಯಿಂದ. ಅವರ್ದೇ ಅಲ್ವಾ ಇದು?”

ರಾಜಿ ಇನ್ನೂ ನನ್ನನ್ನೇ ನೋಡುತ್ತಿದ್ದಳು.

“ಊಂ,” ಅಂದೆ. “ಚಿಕ್ಕಮ್ಮನ್ದೇ.”