ಬಾಳೆಎಲೆಯ ಬೆನ್ನಿನ ಬಣ್ಣ

ಬಣ್ಣದ ವಿಷಯದಲ್ಲಿ ನಾನು ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ ಒಪ್ಪಿಕೊಳ್ಳುತ್ತೇನೆ, ಹಾಡಿನಲ್ಲಿ ಶ್ರುತಿ ತಪ್ಪಿತು ಎಂದರೆ ನಕ್ಕು ಸುಮ್ಮನಾಗುತ್ತೇನೆ. ಸೀರೆಗೆ ಕುಪ್ಪಸ ಹೊಂದಿಲ್ಲ ಎಂದರೆ ಮಾತ್ರ ಆ ಮನೆಯ ಚಹಾ ಕೂಡ ಕುಡಿಯದೆ ಎದ್ದು ಬರುತ್ತೇನೆ. ಹೊಸಪೇಟೆಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ಕಲಿಸಿಯೇ ನನ್ನ ತಲೆ ನೆರೆತದ್ದು. ಆ ನೆರೆಗೆ ಯಾವ ಬಣ್ಣ ಹಚ್ಚಬೇಕೆಂಬುದೂ ನನಗೆ ಗೊತ್ತು. ಹಾಗಾಗಿ ಕಂಪ್ಲಿಯ ಅಣ್ಣನ ಮಗಳು ತೇಜು ತನ್ನ ಮದುವೆಯ ಬಣ್ಣ ಆರಿಸಲು ಫೋನ್ ಹಿಡಿದುಕೊಂಡು ಬಂದಾಗ, ಬರಬೇಕಾದಲ್ಲಿಗೇ ಬಂದಳು ಅನ್ನಿಸಿತು.

ಫೋನಿನಲ್ಲಿ ಯಾವುದೋ ದೇಶದ ಉದ್ದನೆಯ ಊಟದ ಟೇಬಲ್. ನಡುವೆ ಮಾಸಲು ಹಸಿರಿನ ಹಾಸು, ಅದರ ಮೇಲೆ ನಸುಗೆಂಪು ಗುಲಾಬಿ, ಕೆನೆಬಣ್ಣದ ಮೇಣದಬತ್ತಿ. ಇದಕ್ಕೆ ಪ್ಯಾಲೆಟ್ ಅನ್ನುತ್ತಾರಂತೆ. ನಮ್ಮ ಕಾಲದ ಮದುವೆಯಲ್ಲಿ ಬಣ್ಣ ಆರಿಸುವ ತಾಪತ್ರಯವೇ ಇರಲಿಲ್ಲ. ಅರಿಶಿನ ಹಳದಿ, ಕುಂಕುಮ ಕೆಂಪು, ಬಳೆ ಹಸಿರು. ಬೀಗರ ಮುಖದ ಬಣ್ಣವೊಂದು ಮಾತ್ರ ಊಟ ನೋಡಿಕೊಂಡು ಬದಲಾಗುತ್ತಿತ್ತು.

“ಊಟದ ಟೇಬಲ್ ಯಾರ್ ನೋಡ್ತಾರ ಬಿಡಲೇ,” ಎಂದೆ. “ಎಲಿ ಹಾಕಿದ್ರ ಮುಗೀತು.”

ಅವಳು ಫೋನ್ ಕೆಳಗಿಟ್ಟಳು. “ದಿನ ಸ್ವಾಮ್ಯಾರು ನೋಡಿದ್ರು. ಹಾಲ್ ಅಪ್ಪ ನೋಡಿದ. ಸೀರಿ ಸಂಡೂರಿನ ಬೀಗರು ತಗೊಂಡ್ರು. ಹುಡುಗನ್ನ ನಾ ಒಪ್ಪೀನಿ, ಅದೂ ಎಲ್ಲಾರೂ ಒಪ್ಪಿದ ಮ್ಯಾಲೆ. ಈ ಟೇಬಲ್ ಒಂದಾದ್ರೂ ನಂದು ಅಂತ ಇರ್ಲಿ ಅತ್ತಿ.”

ಅವಳು ಕೇಳಿದ್ದು ಇಡೀ ಊಟದ ಮನೆಯನ್ನಲ್ಲ, ಭೂಮದ ಟೇಬಲ್ಲನ್ನು ಮಾತ್ರ. ಮದುಮಕ್ಕಳು ಎರಡೂ ಕಡೆಯ ಹತ್ತಿರದವರೊಡನೆ ಕೂತು ಒಬ್ಬರ ಬಾಯಿಗೊಬ್ಬರು ತುತ್ತಿಡುವ ಊಟ ಅದು. ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯ ಚಿತ್ರಗಳಲ್ಲಿ ಪಾರ್ವತಿಯ ಮದುವೆಯೂ ಇದೆ. ಮಕ್ಕಳನ್ನು ಕರೆದೊಯ್ದಾಗಲೆಲ್ಲ ಆ ಕಾವಿಗೆಂಪನ್ನು ತೋರಿಸಿ ಪಾಠ ಹೇಳಿದ್ದೇನೆ. ಆ ಮದುವೆಗೆ ಬಣ್ಣ ಯಾರು ಆರಿಸಿದರೋ ತಿಳಿಯದು. ಪಾರ್ವತಿಯನ್ನಂತೂ ಯಾರೂ ಕೇಳಿರಲಾರರು. ತೇಜುವಿಗೆ ಹಾಗಾಗಬಾರದೆಂದು ಅಲ್ಲೇ ತೀರ್ಮಾನಿಸಿದೆ.

ನಸುಗೆಂಪಿಗೆ ನಮ್ಮಲ್ಲಿ ಹೆಸರಿದೆ, ಉಳ್ಳಾಗಡ್ಡಿ ಸಿಪ್ಪೆ ಬಣ್ಣ. ನಮ್ಮ ಹೆಂಗಸರು ಬಣ್ಣಕ್ಕೆ ಹೆಸರಿಡಲು ಅಡುಗೆಮನೆ ದಾಟಿ ಹೋದವರೇ ಅಲ್ಲ. ಮೆಂತ್ಯ ಬಣ್ಣ, ಬದನೆಕಾಯಿ ಬಣ್ಣ, ಕುಸುಬಿ ಬಣ್ಣ ಎಂದರೆ ಅಂಗಡಿಯವನು ಸರಿಯಾದ ಸೀರೆಯನ್ನೇ ಎಳೆದು ಹಾಕುತ್ತಾನೆ. ಕೆನೆಗೆ ಸುಗಂಧರಾಜ ಇದ್ದೇ ಇದೆ. ತೊಡಕಾದದ್ದು ಆ ಮಾಸಲು ಹಸಿರು. ಡೆಕೋರೇಷನ್‌ನವನು ತಂದು ತೋರಿಸಿದ ಬಟ್ಟೆ ನೋಡಿದರೆ ಆಪರೇಷನ್ ಥಿಯೇಟರ್ ನೆನಪಾಗುತ್ತಿತ್ತು. ಆ ಟೇಬಲ್ಲಿಗೆ ಕೂತವರು ಊಟ ಬಿಟ್ಟು ಡಾಕ್ಟರಿಗೆ ಕಾಯುತ್ತಿದ್ದರೇನೋ.

ಉತ್ತರ ಸಿಕ್ಕಿದ್ದು ಹಂಪಿಯ ದಾರಿಯಲ್ಲಿ. ಗಾಳಿಗೆ ಬಾಳೆತೋಟ ಮಗುಚಿಕೊಂಡಂತಾಗಿ ಎಲೆಗಳೆಲ್ಲ ಬೆನ್ನು ತೋರಿಸಿದವು. ಅದೇ ಹಸಿರು! ಬೂದಿ ಸವರಿದಂಥ, ತಣ್ಣನೆಯ ಹಸಿರು. ಹುಟ್ಟಿದಾಗಿನಿಂದ ಆ ಎಲೆಯ ಮೇಲೆ ಉಂಡ ನಾನು ಅದರ ಬೆನ್ನನ್ನು ನೋಡಿದ್ದು ಅಂದೇ. ಇಂಥ ಬಣ್ಣವನ್ನು ಬಾಡಿಗೆಗೆ ತರಬೇಕೇ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮದುವೆಯ ದಿನ ಟೇಬಲ್ಲಿನ ನಡುವೆ ಎಲೆಗಳನ್ನು ಉದ್ದಕ್ಕೆ ಬೋರಲು ಹಾಸಿಸಿದೆ. ಹಿತ್ತಾಳೆ ತಂಬಿಗೆಗಳಲ್ಲಿ ಗುಲಾಬಿ, ಸುಗಂಧರಾಜ. ತೇಜು ಒಮ್ಮೆ ಬಂದು ಇಣುಕಿ, ನನ್ನ ಕೈ ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಸಂಡೂರಿನ ಬೀಗರು ಊಟಕ್ಕೆ ಬಂದರು, ಎಲ್ಲರಿಗಿಂತ ಮುಂದೆ ಹುಡುಗನ ಅಜ್ಜಿ. ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು.

“ಇದೇನ್ರವಾ, ಎಲಿ ಬೆನ್ನ ತೋರ್ಸಾಕತ್ತಾವ? ಊಟ ಮುಗದ ಮ್ಯಾಲ ಕರದ್ರೇನು ನಮ್ಮನ್ನ?”

ಹಿಂದಿದ್ದವರು ಗುಸುಗುಸು ಶುರುಮಾಡಿದರು. ಅಣ್ಣನ ಮುಖ ಸುಣ್ಣವಾಯಿತು. ಮದುವೆ ಮನೆಯಲ್ಲಿ ಎಲೆ ಬೋರಲಾಗಿ ಬೀಳಬಾರದೆಂದು ನನಗೂ ಗೊತ್ತಿತ್ತು, ಆದರೆ ಬಣ್ಣ ಕಂಡಾಗ ನನಗೆ ಎಲೆ ಕಾಣುವುದಿಲ್ಲ. ತಿಳಿ ಬಣ್ಣ ಗಾಢ ಬಣ್ಣಗಳ ಹೊಂದಾಣಿಕೆಯ ಬಗ್ಗೆ ಪಾಠ ತೆಗೆದೆ. ಶಾಲೆಯಲ್ಲಿನ ಹಾಗೆಯೇ ಇಲ್ಲೂ ಯಾರೂ ಕೇಳಲಿಲ್ಲ.

ತೇಜು ಬಾಸಿಂಗ ಕಟ್ಟಿಕೊಂಡೇ ಮುಂದೆ ಬಂದಳು. “ನಾನೇ ಹಾಕಿಸಿದ್ದು ಅಜ್ಜಿ. ಈ ಬಣ್ಣ ನನಗ ಭಾಳ ಸೇರಿತ್ತು. ಬ್ಯಾಡಂದ್ರ ತಿರುವಿ ಹಾಕ್ತೀನಿ.” ಹಾಗೆಂದವಳು ಹೂವಿನ ತಂಬಿಗೆ ಎತ್ತಿ, ಒಂದೊಂದೇ ಎಲೆಯನ್ನು ಮಗುಚಿದಳು. ಟೇಬಲ್ ಎಲ್ಲ ಮದುವೆಗಳ ಟೇಬಲ್ಲಿನಂತೆ ಗಿಣಿಹಸಿರಾಯಿತು. ಅವಳ ಮುಖ ನೋಡಲಾರದೆ ನಾನು ಬಡಿಸುವವರ ಮೇಲೆ ರೇಗಿದೆ.

ಊಟವೇನೋ ಭರ್ಜರಿಯಾಗಿಯೇ ನಡೆಯಿತು. ಮದುಮಕ್ಕಳು ತುತ್ತಿಟ್ಟರು, ಹೋಳಿಗೆಗೆ ತುಪ್ಪ ಹರಿಯಿತು, ಅಜ್ಜಿಯ ಮುಖದಲ್ಲಿ ಬೀಗತನ ಇಳಿದು ನಿದ್ದೆ ಏರಿತು. ಹಿರಿಯರಾದ ಅವರೇ ಮೊದಲು ತಾವು ಉಂಡ ಎಲೆ ಮಡಚಿದರು. ಅವರನ್ನು ನೋಡಿ ಪಕ್ಕದವರು, ಎದುರಿನವರು. ಹೀಗೆ ಈ ತುದಿಯಿಂದ ಆ ತುದಿಯವರೆಗೆ ಎಲೆಗಳು ಒಂದೊಂದಾಗಿ ಬೆನ್ನು ಮೇಲೆ ಮಾಡಿ ಮಲಗಿದವು. ನೋಡನೋಡುತ್ತಿದ್ದಂತೆ ತಂಬಿಗೆಗಳ ಎರಡೂ ಬದಿಗೆ ಅದೇ ಬೂದಿಹಸಿರು, ನಡುವೆ ಉಳ್ಳಾಗಡ್ಡಿ ಸಿಪ್ಪೆ ಬಣ್ಣದ ಗುಲಾಬಿ. ತೇಜು ಕೈತೊಳೆಯಲು ಎದ್ದವಳು ಹಾಗೆಯೇ ನಿಂತಳು.

ಅಜ್ಜಿ ಅವಳನ್ನು ನೋಡಿದರು, ಟೇಬಲ್ಲನ್ನು ನೋಡಿದರು. “ಇದೇ ಏನವಾ ನೀ ಕೇಳಿದ ಬಣ್ಣ?”

“ಹೂಂ ಅಜ್ಜಿ.”

“ಛಂದ ಐತಿ ಬಿಡು.” ಎಲೆ ಎತ್ತಲು ಬುಟ್ಟಿ ಹಿಡಿದು ಬಂದವರಿಗೆ ಅಜ್ಜಿ ಕೈ ಅಡ್ಡ ಹಿಡಿದರು. “ತಡೀರಿ, ಹುಡುಗಿ ಫೋಟೋ ತಗೊಳ್ಳಲಿ.”

ಹಿರಿಯರ ಮುಂದೆ ಹೊಸದನ್ನು ಇಡುವುದಾದರೆ ಊಟಕ್ಕೆ ಮೊದಲು ಇಡಬಾರದು ಎಂಬ ಜ್ಞಾನ ನನಗೆ ಅಂದು ಬಂತು. ಫೋಟೋ ಈಗ ಸಂಡೂರಿನ ಪಡಸಾಲೆಯಲ್ಲಿದೆ. ಬಂದವರು ಮದುವೆಯ ಪಟದಲ್ಲಿ ಎಂಜಲೆಲೆ ಯಾಕೆ ಎಂದು ಕೇಳುತ್ತಾರಂತೆ. ತೇಜು ಬಾಯಿ ಬಿಡುವ ಮೊದಲೇ ಒಳಗಿನಿಂದ ಅಜ್ಜಿಯ ದನಿ ಬರುತ್ತದಂತೆ: “ಅದು ನಮ್ಮ ಸೊಸಿ ಆರಿಸಿದ ಬಣ್ಣ, ಸರಿಯಾಗಿ ನೋಡ್ರಿ.”